ಧೂಳಿನ ಮರೆಯ ಕೃಷ್ಣರಂಧ್ರಗಳೂ ಕೋಲಾರದ ಸುರಂಗವೂ

ಕೋಲಾರ ಜಿಲ್ಲೆ ಎಂದೊಡನೆ ಕುರುಡುಮಲೆಯ ಏಕಶಿಲಾ ಗಣಪತಿ, ಕೆಜಿಎಫ್‌ನ ಚಿನ್ನ ನೆನಪಾಗುವುದು ಸಹಜ. ಕಣ್ಣಿಗೆ ಕಾಣದ ವಿಶ್ವವನ್ನು ಅರಸುವ ವಿಜ್ಞಾನದಲ್ಲಿಯೂ ಈ ಜಿಲ್ಲೆಗೆ ಒಂದು ಸ್ಥಾನವಿತ್ತೆಂಬುದು ಬಹುಮಂದಿಗೆ ತಿಳಿಯದು. ಧೂಳಿನ ಮರೆಯಲ್ಲಿ ಅಡಗಿರುವ ಬೃಹತ್ ಕೃಷ್ಣರಂಧ್ರಗಳ ಶೋಧ ಇಂದು ಹಿಡಿದಿರುವ ದಾರಿಯನ್ನು ಗಮನಿಸಿದರೆ, ಆ ಸ್ಥಾನವನ್ನು ನಾವು ಎಷ್ಟು ಸುಲಭವಾಗಿ ಬಿಟ್ಟುಕೊಟ್ಟೆವು ಎಂಬುದು ಅರಿವಾಗುತ್ತದೆ.

ದೊಡ್ಡ ಗೆಲಾಕ್ಸಿಗಳ ನಡುವೆ ಸೂರ್ಯನ ಲಕ್ಷಾಂತರ, ಕೋಟ್ಯಂತರ ಪಟ್ಟು ತೂಕದ ಕೃಷ್ಣರಂಧ್ರಗಳಿರುತ್ತವೆ. ಅವು ಸ್ವತಃ ಕಾಣುವುದಿಲ್ಲ. ಒಳಗೆ ಬೀಳುವ ಅನಿಲ ಕಾದು ಪ್ರಜ್ವಲಿಸುವುದರಿಂದಲೇ ಅವುಗಳ ಸುಳಿವು ದೊರೆಯುತ್ತದೆ. ಆದರೆ ನಕ್ಷತ್ರಗಳು ಭರದಿಂದ ಹುಟ್ಟುವ ಗೆಲಾಕ್ಸಿಗಳಲ್ಲಿ ಧೂಳೂ ಅನಿಲವೂ ಹೇರಳ. ಈ ತೆರೆ ಬೆಳಕನ್ನು ನುಂಗಿ, ತಾನು ಬಿಸಿಯಾಗಿ ಅವಕೆಂಪು ಕಿರಣಗಳನ್ನು ಸೂಸುತ್ತದೆ.

2007ರಲ್ಲಿ ಸ್ಪಿಟ್ಜರ್ ಮತ್ತು ಚಂದ್ರ ದೂರದರ್ಶಕಗಳ ನೆರವಿನಿಂದ ವಿಜ್ಞಾನಿಗಳು ಈ ಸುಳಿವನ್ನೇ ಹಿಂಬಾಲಿಸಿದರು. 900ರಿಂದ 1,100 ಕೋಟಿ ಜ್ಯೋತಿರ್ವರ್ಷ ದೂರದ ಸುಮಾರು ಸಾವಿರ ಗೆಲಾಕ್ಸಿಗಳ ಪೈಕಿ 200ರಷ್ಟು, ನಕ್ಷತ್ರಗಳ ಹುಟ್ಟಿನಿಂದ ನಿರೀಕ್ಷಿಸುವುದಕ್ಕಿಂತ ಹೆಚ್ಚು ಅವಕೆಂಪು ಕಿರಣಗಳನ್ನು ಸೂಸುತ್ತಿದ್ದವು. ಅವುಗಳ ಎಕ್ಸ್ ಕಿರಣ ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿದಾಗ, ಧೂಳನ್ನು ಭೇದಿಸಿ ಬಂದ ಕೃಷ್ಣರಂಧ್ರಗಳ ಕ್ಷೀಣ ಸಂಕೇತ ಬಯಲಾಯಿತು. ಗೆಲಾಕ್ಸಿಯೂ ಕೃಷ್ಣರಂಧ್ರವೂ ಜೊತೆಜೊತೆಯಾಗಿ ಬೆಳೆಯುತ್ತವೆ ಎಂಬ ವಾದಕ್ಕೆ ಇದು ಬಲ ನೀಡಿತು.

ತೆರೆ ತೀರಾ ದಟ್ಟವಾಗಿದ್ದರೆ ಎಕ್ಸ್ ಕಿರಣಗಳೂ ಸೋಲುತ್ತವೆ. ಆದರೆ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಕ್ಕೆ ಯಾವ ಗೋಡೆಯೂ ಅಡ್ಡಿಯಲ್ಲ. ಅಂಟಾರ್ಕ್ಟಿಕಾದ ಹಿಮದೊಳಗೆ ಒಂದು ಘನ ಕಿಲೋಮೀಟರ್ ವಿಸ್ತಾರಕ್ಕೆ ಹರಡಿರುವ ಐಸ್‌ಕ್ಯೂಬ್ ವೀಕ್ಷಣಾಲಯ, 4.7 ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 1068 ಗೆಲಾಕ್ಸಿಯಿಂದ ಬಂದ ಸುಮಾರು 79 ನ್ಯೂಟ್ರಿನೊಗಳ ಬಲವಾದ ಪುರಾವೆಯನ್ನು 2022ರ ನವೆಂಬರ್‌ನಲ್ಲಿ ಪ್ರಕಟಿಸಿತು. ಅದರ ಕೃಷ್ಣರಂಧ್ರವೂ ಧೂಳು, ಅನಿಲಗಳ ಮರೆಯಲ್ಲಿಯೇ ಇದೆ.

ಇಂತಹ ಕಣವನ್ನು ಭೂಗರ್ಭದಲ್ಲಿ ಹಿಡಿಯುವ ಪ್ರಯತ್ನದ ಮೊದಲ ಯಶಸ್ಸುಗಳಲ್ಲಿ ಒಂದು ಕೆಜಿಎಫ್‌ನದು. ಸುಮಾರು 2.3 ಕಿಲೋಮೀಟರ್ ಆಳದ ಗಣಿಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಬ್ರಿಟನ್ನಿನ ಡರ್ಹಮ್‌ನ ವಿಜ್ಞಾನಿಗಳು 1965ರಲ್ಲಿ, ವಿಶ್ವಕಿರಣಗಳಿಂದ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ವರದಿ ಮಾಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಿಂದಲೂ ಇಂತಹುದೇ ಸುದ್ದಿ ಬಂದಿತು.

ಐಸ್‌ಕ್ಯೂಬ್‌ನ ಗಾತ್ರಕ್ಕೂ ಕೆಜಿಎಫ್‌ನ ಉಪಕರಣಕ್ಕೂ ಹೋಲಿಕೆಯಿಲ್ಲ. ಗಣಿ ತೆರೆದಿದ್ದರೂ ದೂರದ ಕೃಷ್ಣರಂಧ್ರಗಳು ಅಲ್ಲಿ ಪತ್ತೆಯಾಗುತ್ತಿರಲಿಲ್ಲ. ನಾವು ಕಳೆದುಕೊಂಡದ್ದು ಪರಂಪರೆಯನ್ನು. ಪ್ರಯೋಗಗಳು 1990ರ ದಶಕದ ಆರಂಭದಲ್ಲಿ ನಿಂತವು. 2001ರಲ್ಲಿ ನಷ್ಟದ ಕಾರಣ ನೀಡಿ ಗಣಿಯನ್ನೇ ಮುಚ್ಚಲಾಯಿತು. ಆಳದ ಸುರಂಗಗಳಲ್ಲಿ ನೀರು ತುಂಬಿತು. ಚಿನ್ನದ ಲೆಕ್ಕದಲ್ಲಿ ವಿಜ್ಞಾನಕ್ಕೆ ಅಂಕಣವೇ ಇರಲಿಲ್ಲ.

ಹೊಸ ಸುರಂಗ ಕೊರೆಯುವುದು ಎಷ್ಟು ಕಷ್ಟವೆಂಬುದಕ್ಕೆ ತಮಿಳುನಾಡಿನ ಥೇಣಿಯೇ ಸಾಕ್ಷಿ. ಅಲ್ಲಿನ ನ್ಯೂಟ್ರಿನೊ ವೀಕ್ಷಣಾಲಯಕ್ಕೆ ಕೇಂದ್ರ ಸಂಪುಟ 2015ರಲ್ಲಿ ಒಪ್ಪಿಗೆ ನೀಡಿತು. ಹುಲಿಗಳ ಸಂಚಾರ ಮಾರ್ಗವನ್ನು ಮುಂದಿಟ್ಟು ರಾಜ್ಯ ಸರ್ಕಾರ 2022ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ವಿರೋಧಿಸಿತು. ಆ ಆತಂಕವನ್ನು ತಳ್ಳಿಹಾಕುವಂತಿಲ್ಲ. ಆದರೆ ಆಗಲೇ ಕೊರೆದಿದ್ದ ಸುರಂಗವನ್ನು ಕಾಪಾಡಿಕೊಳ್ಳಲು ಯಾವ ಕಾಡನ್ನೂ ಕಡಿಯಬೇಕಿರಲಿಲ್ಲ.

ಕೆಜಿಎಫ್‌ನ ಭವಿಷ್ಯದ ಚರ್ಚೆ ಬಂದಾಗಲೆಲ್ಲ ಅಲ್ಲಿ ಉಳಿದ ಚಿನ್ನವೆಷ್ಟು ಎಂಬ ಪ್ರಶ್ನೆಯೇ ಮೇಲೇಳುತ್ತದೆ. ಇನ್ನು ಮುಂದೆ ಆಳದ ಯಾವುದೇ ಗಣಿಯನ್ನು ಮುಚ್ಚುವ ಮುನ್ನ ವಿಜ್ಞಾನಿಗಳ ಮಾತನ್ನೂ ಕೇಳುವ ನಿಯಮ ರೂಪುಗೊಂಡರೆ, ಕೋಲಾರದ ಪಾಠ ವ್ಯರ್ಥವಾಗದು.