ಮೊಡವೆಗೆ ಮೂರು ತಿಂಗಳು ಕೊಡಿ

ಕಳೆದ ಮೇ ತಿಂಗಳಲ್ಲಿ ಹುಡುಗಿಯೊಬ್ಬಳು ನಮ್ಮ ಅಂಗಡಿಗೆ ಬಂದಳು. ಬಿ.ಪಿ. ಮಾತ್ರೆ ಕೊಳ್ಳುತ್ತಿದ್ದ ಅಜ್ಜ ಮೆಟ್ಟಿಲಿಳಿದು ಹೋಗುವ ತನಕ ಪಕ್ಕಕ್ಕೆ ನಿಂತಿದ್ದು, ಆಮೇಲೆ ಮೆಲ್ಲಗೆ ಕೇಳಿದಳು: “ಅಣ್ಣಾ, ಭಾನುವಾರ ಅಕ್ಕನ ಮದುವೆ. ಅಷ್ಟರೊಳಗೆ ಇದು ಹೋಗೂಕೆ ಏನಾದ್ರೂ ಇದ್ಯಾ?” ಕೆನ್ನೆಗೆ ಒತ್ತಿ ಹಿಡಿದಿದ್ದ ದುಪಟ್ಟಾ ಸರಿಸಿದಳು. ಎರಡು ಉಗುರುಗಳ ಗುರುತು ಎದುರುಬದುರು ಮೂಡಿತ್ತು, ನಡುವೆ ಒದ್ದೆ ಹಕ್ಕಳೆ, ಸುತ್ತ ಕೆಂಪು ಊತ. ಹಿಂದಿನ ರಾತ್ರಿ ಕನ್ನಡಿ ಮುಂದೆ ನಿಂತು ಹಿಂಡಿದ್ದಾಳೆ.

ಕಾರವಾರ ತಾಲೂಕಿನ ಮಲ್ಲಾಪುರದಲ್ಲಿ ಔಷಧಿ ಅಂಗಡಿ ಇಟ್ಟು 22 ವರ್ಷವಾಯಿತು. ಇಂಥ ಮುಖಗಳನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ನನ್ನ ಎಡಗೆನ್ನೆಯಲ್ಲೂ ಅಕ್ಕಿಕಾಳು ಕೂರುವಷ್ಟು ಆಳದ ಎರಡು ಗುಳಿಗಳಿವೆ. ಪಿಯುಸಿ ಓದುವಾಗ ನಾನೇ ಮಾಡಿಕೊಂಡದ್ದು. ಮೊಡವೆ ಹೋಗಿ ಎಷ್ಟೋ ವರ್ಷವಾಯಿತು, ಗುಳಿ ಹೋಗಲಿಲ್ಲ.

ಹಿಂಡಿದರೆ ಕೀವು ಹೊರಗೆ ಬಂದು ಬೇಗ ವಾಸಿಯಾಗುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ಆದರೆ ಒಳಗೆ ಆಗುವುದೇ ಬೇರೆ. ಕೂದಲಿನ ಬುಡದಲ್ಲಿ ಒಂದು ಸಣ್ಣ ಚೀಲ ಇರುತ್ತದೆ. ಚರ್ಮದ ಎಣ್ಣೆ ಅದರೊಳಗಿಂದಲೇ ಮೇಲೆ ಬರಬೇಕು. ಬಾಯಿ ಕಟ್ಟಿದಾಗ ಎಣ್ಣೆ ಒಳಗೇ ನಿಂತು, ಬ್ಯಾಕ್ಟೀರಿಯಾ ಬೆಳೆದು, ಊತ ಬರುತ್ತದೆ. ಆ ಚೀಲದ ಗೋಡೆ ಬಹಳ ತೆಳು. ಎರಡು ಬದಿಯಿಂದ ಅದುಮಿದಾಗ ಸ್ವಲ್ಪ ಮೇಲಕ್ಕೆ ಬಂದದ್ದು ನಮಗೆ ಕಾಣುತ್ತದೆ. ಗೋಡೆ ಒಡೆದು ಒಳಗಿನ ಮಾಂಸಕ್ಕೆ ಹರಡಿದ್ದು ಕಾಣುವುದಿಲ್ಲ. ಸಾಸಿವೆಯಷ್ಟಿದ್ದದ್ದು ಮರುದಿನ ಕಡಲೆಯಷ್ಟಾಗುವುದು ಹೀಗೆ. ನಮ್ಮಂಥ ಕಂದು ಬಣ್ಣದ ಚರ್ಮ ಗಾಯವಾದಲ್ಲೆಲ್ಲ ಹೆಚ್ಚು ಬಣ್ಣ ತುಂಬಿಕೊಳ್ಳುತ್ತದೆ. ಒಂದು ವಾರದಲ್ಲಿ ಆರುತ್ತಿದ್ದ ಮೊಡವೆಯ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಮೂಗಿನ ಮೇಲಿನ ಕಪ್ಪು ಚುಕ್ಕೆಯನ್ನು ಕೊಳೆ ಎಂದುಕೊಂಡು ಕಲ್ಲಿನಿಂದ ಉಜ್ಜುವವರೂ ಇದ್ದಾರೆ. ಅದು ಕೊಳೆಯೇ ಅಲ್ಲ, ಗಾಳಿ ತಾಗಿ ಕಪ್ಪಾದ ಎಣ್ಣೆ ಮತ್ತು ಚರ್ಮದ್ದೇ ಬಣ್ಣ. ಉಜ್ಜಿದರೆ ಹೋಗುವುದಿಲ್ಲ.

ಉಗುರಿಗಿಂತ ಕೆಟ್ಟದ್ದು ಇನ್ನೊಂದಿದೆ. ಅದರಲ್ಲಿ ನನ್ನ ತಪ್ಪೂ ಸೇರಿದೆ. ಅಂಗಡಿ ಶುರು ಮಾಡಿದ ವರ್ಷಗಳಲ್ಲಿ “ಮುಖಕ್ಕೆ ಹಚ್ಚೂ ಟ್ಯೂಬ್ ಕೊಡಿ” ಅಂದವರಿಗೆಲ್ಲ ಸ್ಟೀರಾಯ್ಡ್ ಮುಲಾಮು ಕೊಟ್ಟಿದ್ದೇನೆ. ಹಚ್ಚಿದ ಮೂರನೇ ದಿನಕ್ಕೆ ಕೆಂಪು ಇಳಿದು ಮುಖ ಬೆಳ್ಳಗೆ ಕಾಣುತ್ತದೆ. ಗಿರಾಕಿ ಖುಷಿಯಾಗಿ ಮತ್ತೆ ಬರುತ್ತಾರೆ. ಹಾಗೆ ಒಯ್ದ ಒಬ್ಬ ತಾಯಿ ಎಂಟು ತಿಂಗಳ ನಂತರ ಬಂದಾಗ ಕೆನ್ನೆಯ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ ಕೆಂಪು ನರ ಕಾಣುತ್ತಿದ್ದವು, ಗದ್ದದ ಮೇಲೆ ಕೂದಲು ಬಂದಿತ್ತು. ಟ್ಯೂಬ್ ಬಿಟ್ಟ ಕೂಡಲೇ ಮುಖದ ತುಂಬ ಮೊಡವೆ. ಗದ್ದೆಗೆ ಇಳಿದರೆ ಬಿಸಿಲಿಗೆ ಉರಿ ತಡೆಯಲಾಗುತ್ತಿರಲಿಲ್ಲ. ಆ ದಿನದಿಂದ ಚೀಟಿ ಇಲ್ಲದೆ ಅದನ್ನು ಕೊಡುವುದು ಬಿಟ್ಟೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್‌ಗಳ ಮುಲಾಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ನನ್ನ ಜೊತೆಯ ಅಂಗಡಿಯವರಿಗೆ ಕೈಮುಗಿದು ಹೇಳುತ್ತೇನೆ: ಒಂದು ಟ್ಯೂಬಿನಲ್ಲಿ ಸಿಗುವ ಲಾಭಕ್ಕೆ ಒಂದು ಮಗುವಿನ ಮುಖ ಕೆಡಿಸಬೇಡಿ.

ಹಾಗಾದರೆ ಏನು ಮಾಡಬೇಕು? ದಿನಕ್ಕೆ ಎರಡು ಸಲ ಮೆದು ಸೋಪಿನಿಂದ ಮುಖ ತೊಳೆಯಿರಿ, ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ. ನೋಯುವ ಮೊಡವೆಗೆ ಬೆಚ್ಚಗಿನ ನೀರಲ್ಲಿ ಅದ್ದಿದ ಶುಭ್ರ ಬಟ್ಟೆಯನ್ನು ಹತ್ತು ನಿಮಿಷ ಇಟ್ಟುಕೊಂಡರೆ ನೋವು ಇಳಿಯುತ್ತದೆ, ತಾನಾಗಿ ಒಡೆಯುವುದಿದ್ದರೆ ಒಡೆಯುತ್ತದೆ. ನಿಂಬೆಹಣ್ಣು, ಟೂತ್‌ಪೇಸ್ಟ್ ಎರಡೂ ಸುಡುತ್ತವೆ, ಬೇಡ. ನಮ್ಮ ಕಡೆ ತಲೆಗೆ ಕೊಬ್ಬರಿ ಎಣ್ಣೆ ಧಾರಾಳ. ಅದು ಹಣೆಗೆ ಇಳಿದು ರಂಧ್ರ ಮುಚ್ಚುತ್ತದೆ, ಕೂದಲಿನ ಅಂಚಿನಲ್ಲಿ ಸಾಲಾಗಿ ಗುಳ್ಳೆ ಏಳುತ್ತವೆ. ಎಣ್ಣೆ ಹಚ್ಚಿ, ಹಣೆ ತೊಳೆದುಕೊಳ್ಳಿ. ಹತ್ತಿರದ ವಿದ್ಯುತ್ ಸ್ಥಾವರದಲ್ಲಿ ಹೆಲ್ಮೆಟ್ ಹಾಕಿ ದುಡಿಯುವ ಹುಡುಗರಿಗೆ ಗದ್ದದ ಪಟ್ಟಿ ಉಜ್ಜುವ ಕಡೆಯೇ ಮೊಡವೆ ಬರುತ್ತದೆ. ಈ ಸೆಕೆಯಲ್ಲಿ ಬೆವರು ನೆನೆದ ಪಟ್ಟಿಯನ್ನು ದಿನಾ ತೊಳೆದರೆ ಅರ್ಧ ಕಡಿಮೆ.

ಔಷಧಿಯಲ್ಲಿ ವೈದ್ಯರು ಹೆಚ್ಚಾಗಿ ಬರೆಯುವುದು ಬೆಂಜೋಯಿಲ್ ಪೆರಾಕ್ಸೈಡ್ 2.5% ಮತ್ತು ರಾತ್ರಿ ಹಚ್ಚುವ ಅಡಾಪಲಿನ್ 0.1% ಜೆಲ್. ಮೊದಲನೆಯದು ದಿಂಬಿನ ಹೊದಿಕೆಯ ಬಣ್ಣ ತೆಗೆಯುತ್ತದೆ, ಬಿಳಿ ಬಟ್ಟೆ ಹಾಕಿಕೊಳ್ಳಿ. ಎರಡನೆಯದು ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಸಾಕು. ಮೊದಲ ಕೆಲವು ವಾರ ಚರ್ಮ ಒಣಗುತ್ತದೆ, ಮೊಡವೆ ಹೆಚ್ಚಾದಂತೆಯೂ ಕಾಣಬಹುದು. ಬಸುರಿಯರು ಹಚ್ಚಬಾರದು. ಎರಡು ವಾರಕ್ಕೇ “ಏನೂ ಪ್ರಯೋಜನ ಇಲ್ಲ” ಎಂದು ಬಿಡುವವರೇ ಹೆಚ್ಚು. ಪೂರ್ತಿ ಫಲ ಕಾಣಲು ಮೂರು ತಿಂಗಳು ಬೇಕು. ಆಳವಾಗಿ ಗಂಟು ಕಟ್ಟುವ ಮೊಡವೆಗೆ ಮನೆಮದ್ದು ಸಾಲದು, ವೈದ್ಯರಿಗೆ ತೋರಿಸಬೇಕು. ಮೂಗಿನ ಸುತ್ತ ಹಿಂಡಿದ ಮೇಲೆ ಜ್ವರ ಬಂದು ಕಣ್ಣು ಊದಿದರೆ ಅದೇ ದಿನ ಆಸ್ಪತ್ರೆಗೆ ಓಡಬೇಕು. ಅಪರೂಪವಾದರೂ ಅಲ್ಲಿನ ಸೋಂಕು ರಕ್ತನಾಳದ ಮೂಲಕ ತಲೆಯೊಳಗೆ ಹೋಗಬಲ್ಲದು.

ಆ ಮೂರು ತಿಂಗಳನ್ನು ಮಕ್ಕಳಿಗೆ ಕೊಡದವರು ನಾವು ದೊಡ್ಡವರು. “ಏನೇ, ಮುಖ ಹಿಂಗ್ ಮಾಡ್ಕೊಂಡಿದ್ದೀ?” ಎಂದು ನೆಂಟರು ಅಂಗಳದಲ್ಲೇ ಕೇಳುತ್ತಾರೆ. ಚಪ್ಪಲಿ ಬಿಡುವ ಮೊದಲೇ. ಹುಡುಗಿ ಒಳಗೆ ಹೋಗಿ ಬಚ್ಚಲ ಬಾಗಿಲು ಹಾಕಿಕೊಂಡರೆ ಆ ಉಗುರುಗಳಿಗೆ ಕೆಲಸ ಕೊಟ್ಟವರು ಯಾರು? ಹರೆಯದಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಮೊಡವೆ ಬರುತ್ತದೆ. ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯ ಯಾರಿಗೂ ಇಲ್ಲ.

ಆ ಹುಡುಗಿಗೆ ಅವತ್ತು ವ್ಯಾಸಲೀನ್ ಕೊಟ್ಟು, ಹಕ್ಕಳೆ ಕೀಳಬೇಡ ತಂಗಿ, ಮದುವೆ ಮುಗಿದ ಮೇಲೆ ಕಾರವಾರದಲ್ಲಿ ಚರ್ಮದ ಡಾಕ್ಟರಿಗೆ ತೋರಿಸು ಎಂದೆ. ಅವಳ ಅಪ್ಪನದು ದಿನಗೂಲಿ. ಕಾರವಾರಕ್ಕೆ ಬಸ್ಸಿನಲ್ಲಿ ಹೋಗಿ, ಸಾಲಿನಲ್ಲಿ ನಿಂತು, ತೋರಿಸಿ ಬರುವಷ್ಟರಲ್ಲಿ ಒಂದು ದಿನ ಹೋಗುತ್ತದೆ. ಮೊಡವೆಗೆ ಕೂಲಿ ಬಿಡುವ ಅಪ್ಪಂದಿರು ಎಷ್ಟಿದ್ದಾರು? ವೈದ್ಯಕೀಯ ಕಾಲೇಜು ಕಾರವಾರದಲ್ಲೇ ಇದೆ. ಅಲ್ಲಿನ ಒಬ್ಬ ಚರ್ಮವೈದ್ಯರು ತಿಂಗಳಿಗೆ ಒಂದು ದಿನ, ಅರ್ಧ ದಿನವಾದರೂ, ಕಾಳಿ ನದಿ ದಂಡೆಯ ನಮ್ಮ ಹಳ್ಳಿಗಳ ಆರೋಗ್ಯ ಕೇಂದ್ರಕ್ಕೆ ಬರುವಂತಾಗಬೇಕು. ಬರುವ ದಿನ ಗೊತ್ತಾದರೆ ನನ್ನ ಅಂಗಡಿಯ ಬೋರ್ಡಿನ ಮೇಲೆ ನಾನೇ ದೊಡ್ಡ ಅಕ್ಷರದಲ್ಲಿ ಬರೆದು ಹಾಕುತ್ತೇನೆ.