ಶಿಶುನಾಮಗಳ ಉಚ್ಚಾರ
ಪರದೇಶದ ಶಿಶುನಾಮವನ್ನು ಕಂಡೊಡನೆ ನಗುವುದು ನಮ್ಮಲ್ಲಿ ಕೆಲವರಿಗೆ ವಾಡಿಕೆಯಾಗಿದೆ. ಆ ನಗೆಯು ಮಗುವಿನ ಮನಸ್ಸಿಗೆ ನಾಟುವುದು. ಐರ್ಲೆಂಡಿನಲ್ಲಿ ‘ಶಿವಾನ್’ ಎಂದು ಉಚ್ಚರಿಸುವ ಹೆಣ್ಣುಮಕ್ಕಳ ಹೆಸರೊಂದುಂಟು. ಅದರ ಅಕ್ಷರಗಳನ್ನು ಇಂಗ್ಲಿಷಿನ ರೂಢಿಯಂತೆ ಓದಿದರೆ ‘ಸಿಯೋಭನ್’ ಆಗುವುದು. ಆದರೆ ಅದು ಸತ್ಯವೇದದ ಯೋಹಾನನ ಹೆಸರಿನ ಸ್ತ್ರೀರೂಪವೇ. ಫ್ರೆಂಚ್ ಭಾಷೆಯ ಮಾರ್ಗವಾಗಿ ಆ ದ್ವೀಪವನ್ನು ಸೇರಿತು.

ನಮ್ಮ ಹಲಸೂರೂ ಆಂಗ್ಲರ ಬರಹದಲ್ಲಿ ‘ಅಲ್ಸೂರ್’ ಆಯಿತಷ್ಟೆ. 2014ರ ನವೆಂಬರ್ 1ರಂದು ಬೆಂಗಳೂರಿನ ಹೆಸರು ಇಂಗ್ಲಿಷಿನಲ್ಲಿಯೂ ಕನ್ನಡದ ಉಚ್ಚಾರವನ್ನು ಅನುಸರಿಸಿದಾಗ ನಮ್ಮಲ್ಲಿ ಅನೇಕರು ಹರ್ಷಿಸಿದರು. ಊರಿಗೆ ಬಯಸಿದ ಮರ್ಯಾದೆಯನ್ನು ಮಗುವಿಗೆ ತಪ್ಪಿಸುವುದು ನ್ಯಾಯವೇ?

ಪ್ರಿಯ ಸೋದರಿಯರೇ, ಪೋಷಕರೇ, ಹೊಸ ಹೆಸರು ಕಂಡಾಗ ತಾಯಿಯನ್ನು ಕೇಳಿ ತಿಳಿಯಿರಿ. ಕೇಳಿದ ಧ್ವನಿಯನ್ನು ಬಹುಮಟ್ಟಿಗೆ ಹಾಗೆಯೇ ಬರೆಯಲು ನಮ್ಮ ಲಿಪಿಯು ಸಮರ್ಥವಾಗಿದೆ.