ಸೊಂಟನೋವಿಗೆ ಹಾಸಿಗೆಯೇ ಮದ್ದೆ?

ಸೊಂಟ ಹಿಡಿದವರಿಗೆ ನಮ್ಮಲ್ಲಿ ದೊರೆಯುವ ಮೊದಲ ಬುದ್ಧಿವಾದ ಒಂದೇ: ‘ಅಲುಗಾಡದೆ ಮಲಗಿರಿ.’ ಈ ಮಾತಿನಲ್ಲಿ ಕನಿಕರವೇನೋ ಉಂಟು. ವಿಜ್ಞಾನದ ಬೆಂಬಲ ಮಾತ್ರ ಇಲ್ಲವೆಂಬುದು ನಮ್ಮ ಅಭಿಪ್ರಾಯ.

ಭೌತಶಾಸ್ತ್ರವನ್ನು ಕಲಿಸುವ ನಾವು ತರಗತಿಯಲ್ಲಿ ಒಂದು ಲೆಕ್ಕ ಮಾಡಿಸುವುದುಂಟು. ಬೆನ್ನೆಲುಬಿನ ಕೆಳಭಾಗವನ್ನು ಸನ್ನೆಗೋಲಿನ ಆಧಾರಬಿಂದುವೆಂದು ಭಾವಿಸೋಣ. ಅಲ್ಲಿಂದ 50 ಸೆಂಟಿಮೀಟರ್ ಮುಂದೆ 10 ಕಿಲೋಗ್ರಾಂ ತೂಕದ ಕೊಡವನ್ನು ಹಿಡಿದರೆ, ಸುಮಾರು 5 ಸೆಂಟಿಮೀಟರ್ ಹಿಂದಿರುವ ಸ್ನಾಯುಗಳು ಅದನ್ನು ಸರಿದೂಗಿಸಲು 100 ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆಯಬೇಕಾಗುತ್ತದೆ. ಅದೇ ಕೊಡವನ್ನು 20 ಸೆಂಟಿಮೀಟರಿನಷ್ಟು ಹತ್ತಿರಕ್ಕೆ ತಂದರೆ 40 ಸಾಕು. ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದು ನಡೆಯುವ ಹೆಂಗಸರು ಈ ನಿಯಮವನ್ನು ಪುಸ್ತಕದ ನೆರವಿಲ್ಲದೆಯೇ ಬಲ್ಲರು.

ಆದರೆ ಈ ಲೆಕ್ಕ ಅಳೆಯುವುದು ಹೊರೆಯನ್ನೇ ಹೊರತು ನೋವನ್ನಲ್ಲ. ಅಂಕಿಗಳನ್ನು ಕಂಡು, ಸೊಂಟವೆಂದರೆ ಸವೆದುಹೋಗುವ ಕೀಲೆಂದು ಅಂಜಬೇಕಾಗಿಲ್ಲ. ಯಂತ್ರವು ದುಡಿದಷ್ಟೂ ಸವೆಯುತ್ತದೆ. ದೇಹವಾದರೋ ಹದವರಿತು ದುಡಿದರೆ ಬಲಿಯುತ್ತದೆ, ಮಲಗಿಸಿದರೆ ಸೊರಗುತ್ತದೆ.

ಫಿನ್ಲೆಂಡಿನ ಹೆಲ್ಸಿಂಕಿ ನಗರದ 186 ನೌಕರರ ಮೇಲೆ ನಡೆದ ಪ್ರಯೋಗವೊಂದರ ಫಲಿತಾಂಶ 1995ರಲ್ಲಿ ಪ್ರಕಟವಾಯಿತು. ಹೊಸದಾಗಿ ಸೊಂಟನೋವು ಬಂದಿದ್ದ ಇವರಲ್ಲಿ ಕೆಲವರಿಗೆ 2 ದಿನಗಳ ಹಾಸಿಗೆ, ಕೆಲವರಿಗೆ ವ್ಯಾಯಾಮ, ಉಳಿದವರಿಗೆ ನೋವು ಸಹಿಸಿದಷ್ಟು ನಿತ್ಯದ ಕೆಲಸ. ಚೆನ್ನಾಗಿ ಚೇತರಿಸಿಕೊಂಡವರು ಕಡೆಯವರು; ಹಾಸಿಗೆ ಹಿಡಿದವರದೇ ಎಲ್ಲಕ್ಕಿಂತ ನಿಧಾನ.

ಯಂತ್ರ ತೆಗೆದ ಚಿತ್ರವೂ ಕೆಲವೊಮ್ಮೆ ವೃಥಾ ಭಯ ಹುಟ್ಟಿಸುತ್ತದೆ. ಸೊಂಟನೋವಿಲ್ಲದ 98 ಮಂದಿಯನ್ನು ಎಂ.ಆರ್.ಐ. ಯಂತ್ರದಿಂದ ಪರೀಕ್ಷಿಸಿದ ವರದಿ 1994ರಲ್ಲಿ ಬಂದಿತು. ಬೆನ್ನುಮಣಿಗಳ ನಡುವಣ ಮೆತ್ತೆಗಳೆಲ್ಲವೂ ಸರಿಯಾಗಿದ್ದುದು ಅವರಲ್ಲಿ ಶೇಕಡ 36 ಮಂದಿಗೆ ಮಾತ್ರ!

ಹಾಗೆಂದು ಎಲ್ಲ ನೋವನ್ನೂ ಕಡೆಗಣಿಸಲಾಗದು. ಕಾಲಿನ ಶಕ್ತಿ ಕುಂದಿದರೆ, ತೊಡೆಸಂದು ಮರಗಟ್ಟಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ ಒಡನೆಯೇ ಆಸ್ಪತ್ರೆಗೆ ಹೋಗಬೇಕು. ನೋವಿನೊಡನೆ ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ಬಿದ್ದು ಪೆಟ್ಟಾಗಿದ್ದರೆ ವೈದ್ಯರ ಪರೀಕ್ಷೆ ಅವಶ್ಯ. ಉಳಿದಂತೆ ನಡಿಗೆ, ಕ್ರಮವಾದ ವ್ಯಾಯಾಮ, ಒಂದೇ ಭಂಗಿಯಲ್ಲಿ ಬಹಳ ಹೊತ್ತು ಕೂಡದಿರುವುದು—ಇವು ಲೇಸು. ಬಹುಕಾಲದ ಸೊಂಟನೋವಿಗೆ ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ವ್ಯಾಯಾಮವನ್ನು ಸೂಚಿಸುತ್ತದೆ, ಸೊಂಟಪಟ್ಟಿಯನ್ನು ಬೇಡವೆನ್ನುತ್ತದೆ.

ದಿನಗೂಲಿಯವರನ್ನು ವಾರಗಟ್ಟಲೆ ಮಲಗಿಸುವುದೆಂದರೆ ಅವರ ಸ್ನಾಯುಗಳನ್ನು ಸೊರಗಿಸಿ, ಮನೆಯ ಒಲೆಯನ್ನೂ ಆರಿಸಿದಂತೆ. ಅವರಿಗೆ ಬೇಕಾದುದು ಕೆಲವು ದಿನಗಳ ಹಗುರವಾದ ಕೆಲಸ ಮತ್ತು ‘ಹೆದರಬೇಡಿ, ಮೆಲ್ಲಗೆ ನಡೆಯಿರಿ’ ಎಂಬ ಧೈರ್ಯದ ಮಾತು. ಕೆಲಸ ಕೊಡುವವರೂ ಮನೆಯವರೂ ಇದನ್ನು ಮನಗಾಣಬೇಕು.